ಆಪ್ಷನ್ ಪಟ್ಟಿಯನ್ನು ಮಕ್ಕಳೊಂದಿಗೆ ಕೂತು ನೀವೇ ತುಂಬಿಸಿ

ನೀಟ್ ಫಲಿತಾಂಶ ಬಂದ ಮನೆಗಳಿಗೆ ಈಗ ಎರಡು ಬಗೆಯ ಕರೆಗಳು ಬರುತ್ತವೆ. ಒಂದು ನೆಂಟರಿಷ್ಟರದ್ದು. ಇನ್ನೊಂದು ಗುರುತಿಲ್ಲದವರದ್ದು: "ನಿಮ್ಮ ಮಗಳ ರ‍್ಯಾಂಕಿಗೆ ಒಳ್ಳೇ ಕಾಲೇಜಲ್ಲೇ ಸೀಟು ಮಾಡಿಸ್ಕೊಡ್ತೀವಿ, ಸ್ವಲ್ಪ ಅಡ್ವಾನ್ಸ್ ಕೊಟ್ಟಿರಿ." ದಯವಿಟ್ಟು ಈ ಎರಡನೆಯ ಕರೆಯನ್ನು ಅಲ್ಲೇ ಕತ್ತರಿಸಿ. ಸರ್ಕಾರಿ ಕಾಲೇಜುಗಳ ಶೇ. 15 ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ, ಹಂಚುತ್ತದೆ. ಸರ್ಕಾರಿ ಕಾಲೇಜುಗಳ ಉಳಿದ ಶೇ. 85 ಸೀಟುಗಳನ್ನೂ ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಎರಡೂ ಕಡೆ ನಡೆಯುವುದು ನೀಟ್ ರ‍್ಯಾಂಕ್ ಒಂದೇ. ಸೀಟಿಗೆ ವಂತಿಗೆ ಕೇಳುವುದನ್ನು ನಮ್ಮ ರಾಜ್ಯ 1984ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಸೀಟು "ಬುಕ್" ಮಾಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ.

ಹಣ ಕೀಳುವವರಿಂದ ಆಗುವ ನಷ್ಟ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗುವುದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆಸೆಯ ಕ್ರಮದಲ್ಲಿ ನಮೂದಿಸುವಾಗ. ಎರಡು ವರ್ಷ ನಿದ್ದೆಗೆಟ್ಟು ಓದಿದ ಮಗುವಿನ ಪಟ್ಟಿಯನ್ನು ಸೈಬರ್ ಸೆಂಟರಿನ ಹುಡುಗ ಹತ್ತು ನಿಮಿಷದಲ್ಲಿ ತುಂಬಿಸಿ ಪ್ರಿಂಟ್ ಕೊಡುತ್ತಾನೆ. ಅವನ ಹಿಂದೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ, ಅವನನ್ನು ದೂರಿ ಫಲವಿಲ್ಲ. ಆ ಕೆಲಸ ಮನೆಯವರದು.

ಪಟ್ಟಿಯ ಲೆಕ್ಕ ಕಷ್ಟದ್ದೇನಲ್ಲ. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಆ ಅಭ್ಯರ್ಥಿಗೆ ಸಲ್ಲುವ ಮೊದಲ ಖಾಲಿ ಸೀಟು ಕಂಡಲ್ಲೇ ನಿಲ್ಲುತ್ತದೆ. ಮೊದಲ ಸಾಲಿನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಬರೆದು ಅದು ಸಿಗದಿದ್ದರೆ, ಮೂವತ್ತನೇ ಸಾಲಿನಲ್ಲಿರುವ ಕೊಪ್ಪಳದ ಸೀಟೇನೂ ತಪ್ಪುವುದಿಲ್ಲ. ಆದರೆ "ಮೈಸೂರು ನಮಗೆಲ್ಲಿ ಸಿಗುತ್ತೆ" ಎಂದು ಅದನ್ನು ಕೊಪ್ಪಳದ ಕೆಳಗೆ ಬರೆದರೆ, ಮೈಸೂರು ಸಿಗುವ ರ‍್ಯಾಂಕಿದ್ದರೂ ಬರುವುದು ಕೊಪ್ಪಳವೇ. ಹುಟ್ಟೂರಿಗೆ ಹತ್ತಿರವೆಂದು ಕೊಪ್ಪಳವೇ ಬೇಕೆನಿಸಿದರೆ ಸಂತೋಷದಿಂದ ಅದನ್ನೇ ಮೇಲೆ ಬರೆಯಿರಿ. ಕಳೆದ ವರ್ಷದ ಕಟ್ ಆಫ್ ನೋಡಿ ಅಂಜಿ ಆಸೆಯ ಕ್ರಮವನ್ನು ಮಾತ್ರ ತಿರುಗಿಸಬೇಡಿ.

ಇನ್ನೊಂದು ಎಚ್ಚರ ಶುಲ್ಕದ್ದು. ಒಂದೇ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟೂ ಇರುತ್ತದೆ, ಖಾಸಗಿ ಕೋಟಾದ್ದೂ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೊದಲನೆಯದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಇದ್ದರೆ, ಎರಡನೆಯದು 10 ಲಕ್ಷ ದಾಟಿದೆ. ಪಾಠ ಅದೇ, ಪದವಿಯೂ ಅದೇ. ಪರದೆಯ ಮೇಲೆ ಬೆರಳು ಒಂದು ಸಾಲು ಜಾರಿದರೆ ಹೊಲ ಮಾರುವ ಮಾತು ಬರುತ್ತದೆ. ಕಟ್ಟಲಾಗದ ಸೀಟನ್ನು "ಇರಲಿ, ಆಮೇಲೆ ನೋಡೋಣ" ಎಂದು ಪಟ್ಟಿಗೆ ಸೇರಿಸಲೇಬೇಡಿ. ಅದೇ ಸಿಕ್ಕಿಬಿಟ್ಟರೆ ಅದರ ಕೆಳಗೆ ಬರೆದ ಅಗ್ಗದ ಸೀಟುಗಳನ್ನು ಕಂಪ್ಯೂಟರ್ ನೋಡುವುದೇ ಇಲ್ಲ.

ಅಣಕು ಹಂಚಿಕೆಯ ಫಲಿತಾಂಶ ಬಂದ ದಿನ ಪಟ್ಟಿಯನ್ನು ಮತ್ತೊಮ್ಮೆ ಮನೆಮಂದಿಯೆಲ್ಲ ಕೂತು ಓದಿ. ನಿಜವಾದ ಹಂಚಿಕೆಯಾದ ಮೇಲೆ ಚಾಯ್ಸ್ ಕೇಳುತ್ತಾರೆ. ಸಿಕ್ಕಿದ ಸೀಟು ಸಾಕೆಂದರೆ ಒಂದು. ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುತ್ತೇನೆಂದರೆ ಎರಡು. ಈ ಎರಡನೆಯದರಲ್ಲಿ ಮಕ್ಕಳು ಎಡವುತ್ತಾರೆ. ಮುಂದಿನ ಸುತ್ತಿನಲ್ಲಿ ಹೊಸ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಕೇಳಿದರೂ ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಸೀಟಿಗಿಂತ ನಿಜಕ್ಕೂ ಹೆಚ್ಚು ಬೇಕಾದವನ್ನು ಮಾತ್ರ ಉಳಿಸಿ, ಮಿಕ್ಕಿದ್ದನ್ನು ಅಳಿಸಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹೋದ ವರ್ಷದ ಅಣ್ಣನ ಅನುಭವ ನಂಬಿ ಕೂರಬೇಡಿ. ಈ ವರ್ಷದ ಕೈಪಿಡಿಯನ್ನೇ ಓದಿ.

ಕಾಗದಪತ್ರಗಳ ಮಾತು ಎಲ್ಲರಿಗೂ ಗೊತ್ತಿರುವುದೇ. ಆದರೂ ಗ್ರಾಮೀಣ ಮೀಸಲಾತಿಯ ಶೇ. 15, ಕನ್ನಡ ಮಾಧ್ಯಮದ ಶೇ. 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಸಿಗುವ ಪಾಲು, ಇವೆಲ್ಲ ನಿಂತಿರುವುದು ಒಂದೊಂದು ಪ್ರಮಾಣಪತ್ರದ ಮೇಲೆ. ಬಿಇಒ ಸಹಿ ಮತ್ತು ನಾಡಕಚೇರಿಯ ಆರ್‌ಡಿ ಸಂಖ್ಯೆಗೆ ಕೊನೆಯ ದಿನದವರೆಗೆ ಕಾಯಬೇಡಿ. ಪಾಸ್‌ವರ್ಡ್ ಮತ್ತು ಓಟಿಪಿ ನಿಮ್ಮ ಫೋನಿನಲ್ಲೇ ಇರಲಿ.

ಪಿಯು ಕಾಲೇಜುಗಳ ಉಪನ್ಯಾಸಕರಲ್ಲಿ ಒಂದು ಬೇಡಿಕೆ: ರ‍್ಯಾಂಕ್ ಪಡೆದವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ ಮೇಲೆ, ಆಪ್ಷನ್ ಎಂಟ್ರಿಯ ದಿನಗಳಲ್ಲಿ ಕಂಪ್ಯೂಟರ್ ಕೋಣೆಯನ್ನು ಸಂಜೆ ತನಕ ತೆರೆದಿಡಿ. ಅಪ್ಪ ಅಮ್ಮ ಇಬ್ಬರೂ ಓದದ ಮನೆಯ ಮಗುವಿನ ಪಕ್ಕ ಒಂದರ್ಧ ಗಂಟೆ ಕೂರಿ. ವೈದ್ಯಕೀಯ ಓದುತ್ತಿರುವ ಅಣ್ಣ ಅಕ್ಕಂದಿರೇ, ನಿಮ್ಮೂರಿನ ಶಾಲೆಗೆ ಈ ಒಂದು ವಾರ ಬಂದು ಹೋಗಿ. ಹಾಸ್ಟೆಲ್ ಹೇಗಿದೆ, ಆಸ್ಪತ್ರೆಗೆ ರೋಗಿಗಳು ಎಷ್ಟು ಬರುತ್ತಾರೆ, ಮೊದಲ ವರ್ಷ ಇಂಗ್ಲಿಷ್ ಪಾಠಕ್ಕೆ ಹೇಗೆ ಹೊಂದಿಕೊಂಡಿರಿ ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಎಂಸಿಸಿಯಲ್ಲೋ ಬೇರೆ ರಾಜ್ಯದಲ್ಲೋ ಸೀಟು ಖಚಿತವಾದವರು ಇಲ್ಲಿನದನ್ನು ನಿಗದಿತ ದಿನದೊಳಗೇ ಬಿಟ್ಟುಕೊಡಿ. ಸುತ್ತು ಮುಗಿಯುವ ಮೊದಲೇ ನೀವು ಬಿಟ್ಟ ಸರ್ಕಾರಿ ಸೀಟು ರ‍್ಯಾಂಕಿನಲ್ಲಿ ನಿಮ್ಮ ಹಿಂದಿರುವ ಮಗುವಿಗೆ ಸರ್ಕಾರಿ ಶುಲ್ಕದಲ್ಲೇ ಹೋಗುತ್ತದೆ.