ಕಿಟ್ ಕೇರಿಯೊಳಗೆ ಬರುತ್ತಾ?



ಹಾಸಿಗೆ ಪಕ್ಕದಲ್ಲೇ ರಕ್ತ ಪರೀಕ್ಷೆ ಮಾಡೋ ಕಿಟ್‌ಗಳು ಹೆಚ್ಚಾಗ್ತಿರೋದು ಒಳ್ಳೇದೇ. ಬೆರಳು ಚುಚ್ಚಿ ಒಂದು ಹನಿ ತೆಗೆದರೆ ಸಕ್ಕರೆ, ಹಿಮೋಗ್ಲೋಬಿನ್ ಅಲ್ಲೇ ಗೊತ್ತಾಗುತ್ತೆ. ಮಲೇರಿಯಾ, ಎಚ್‌ಐವಿ ಕಿಟ್‌ಗೆ ಅರ್ಧ ಗಂಟೆ ಸಾಕು. ಬೆಂಗಳೂರಿನ ಬಿಗ್‌ಟೆಕ್‌ನವರು ರೂಪಿಸಿದ ಟ್ರೂನ್ಯಾಟ್, ಟಿಬಿ ಪತ್ತೆಗೆ ಬ್ಯಾಟರಿ ಮೇಲೂ ನಡೆಯುತ್ತೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಕೂಲಿಯವರಿಗೆ ಇದರ ಬೆಲೆ ಗೊತ್ತು. ರಕ್ತ ಕೊಡೋಕೆ ಒಂದಿನ, ರಿಪೋರ್ಟಿಗೆ ಇನ್ನೊಂದಿನ ಅಂದ್ರೆ ಎರಡು ದಿನದ ಕೂಲಿ ಹೋಯ್ತು. ಎಷ್ಟೋ ಜನ ಎರಡನೇ ಸಲ ಹೋಗೋದೇ ಇಲ್ಲ.

ಆದರೆ ಲ್ಯಾಬಿನೊಳಗೆ ನಮ್ಮ ರಕ್ತ ಬರೀ ಒಂದು ಸೀಸೆ, ಅದರ ಮೇಲೊಂದು ನಂಬರು. ಈ ಕಿಟ್‌ಗೆ ಹಾಗಾಗಲ್ಲ. ಕೇರಿಯೊಳಗೆ ಬರಬೇಕು, ಮನೆಯೊಳಗೆ ಕೂರಬೇಕು, ಬೆರಳು ಹಿಡೀಬೇಕು. ಘನಶ್ಯಾಮ್ ಶಾ ಮತ್ತು ಸಂಗಡಿಗರು 11 ರಾಜ್ಯಗಳ 565 ಹಳ್ಳಿಗಳ ಅಸ್ಪೃಶ್ಯತೆ ಬಗ್ಗೆ 2006ರಲ್ಲಿ ತಂದ ಅಧ್ಯಯನ ಓದಿ. ಮೂರರಲ್ಲಿ ಸುಮಾರು ಒಂದು ಹಳ್ಳಿಯಲ್ಲಿ ಸರ್ಕಾರಿ ಆರೋಗ್ಯ ಸಿಬ್ಬಂದಿ ದಲಿತರ ಮನೆಯೊಳಗೆ ಕಾಲಿಡ್ತಿರಲಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಲಿತ ಹೆಣ್ಣುಮಗಳ ಆರತಿ ಬೇಕು. ಅವಳ ಬೆರಳು ಹಿಡಿಯೋಕೆ ಯಾಕೆ ಹಿಂಜರಿಕೆ? (ಆಶಾ ತಾಯಂದಿರ ಮೇಲೆ ಗೂಬೆ ಕೂರಿಸ್ತಿಲ್ಲ. ಪುಡಿಗಾಸಿಗೆ ಬಿಸಿಲಲ್ಲಿ ಅಲೆಯೋರಲ್ಲಿ ನಮ್ಮವರೂ ಅದಾರೆ.)

ಎಚ್‌ಐವಿ ಕಿಟ್ ವಿಚಾರ ಇನ್ನೂ ಸೂಕ್ಷ್ಮ. 1982ರಲ್ಲೇ ನಿಷೇಧದ ಕಾಯ್ದೆ ಬಂದರೂ ನಮ್ಮ ಭಾಗದಲ್ಲಿ ದೇವದಾಸಿ ಹಣೆಪಟ್ಟಿ ಹೊತ್ತ ತಾಯಂದಿರು ಈಗಲೂ ಇದ್ದಾರೆ. ಹೆಸರು ಕೇಳಿ, ಊರು ಕೇಳಿ, ಒಪ್ಪಿಗೆ ಮಾತ್ರ ಕೇಳದೆ ಚುಚ್ಚಿದರೆ ಅದು 2017ರ ಎಚ್‌ಐವಿ ಕಾಯ್ದೆಯ ಉಲ್ಲಂಘನೆ. ಪರದೆ ಇಲ್ಲದ ವಾರ್ಡಿನಲ್ಲಿ ಪಕ್ಕದ ಮಂಚದವರಿಗೂ ಕಿಟ್‌ನ ಗೆರೆ ಕಾಣುತ್ತೆ. ಒಂದು ಕಿಟ್‌ನಲ್ಲಿ ಗೆರೆ ಮೂಡಿದ್ರೆ ಕಾಯಿಲೆ ಖಚಿತ ಅಂತಲೂ ಅಲ್ಲ, ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಬೇಕು. ಅಷ್ಟರೊಳಗೆ ಸುದ್ದಿ ಊರು ಮುಟ್ಟಿದ್ರೆ ವಾಪಸ್ ತರೋರು ಯಾರು?

ಕೇಂದ್ರದ ಉಚಿತ ಪರೀಕ್ಷೆ ಮಾರ್ಗಸೂಚಿ ಪ್ರಕಾರ ಉಪಕೇಂದ್ರದಲ್ಲಿ 14, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63 ಪರೀಕ್ಷೆ ಸಿಗಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಪಟ್ಟಿ ಕೇಳಿ. ಯಾವ ಕಿಟ್ ಸ್ಟಾಕ್ ಐತಿ, ಕೇರಿಯಲ್ಲಿ ಎಷ್ಟು ಮನೆಗೆ ಬಂದ್ರು, ರಕ್ತ ಕಡಿಮೆ ಅಂತ ಬರಕೊಂಡು ಹೋದವರಿಗೆ ಮಾತ್ರೆ ಕೊಟ್ರಾ? ಉತ್ತರ ಬಾಯಿಮಾತಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ.