ಸೆಲ್ಫ್ ಹೊಡೆಯುತ್ತೆ, ಕಾರು ಸ್ಟಾರ್ಟ್ ಆಗಲ್ಲ: ಫಾರ್ವರ್ಡ್ ಸಲಹೆಗಳಲ್ಲಿ ಯಾವುದು ನಿಜ?

ಶಿರಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ ಕಾರು ನಿಲ್ಲಿಸಿ ಟೀ ಕುಡಿದು ಬಂದಿದ್ದೀರಿ. ಕೀ ತಿರುಗಿಸಿದರೆ ಎಂಜಿನ್ ಗರಗರ ಎಂದು ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಫ್ಯಾಮಿಲಿ ಗ್ರೂಪ್‌ನಲ್ಲಿ ಕೇಳಿದರೆ ಐದೇ ನಿಮಿಷದಲ್ಲಿ ಉತ್ತರಗಳು ಬಂದು ಬೀಳುತ್ತವೆ. ಬ್ಯಾಟರಿ ಹೋಗಿದೆ, ತಳ್ಳಿ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ. ಏರ್ ಫಿಲ್ಟರ್ ಬಿಚ್ಚಿ ಸ್ವಲ್ಪ ಪೆಟ್ರೋಲ್ ಹಾಕಿ. ಎಥನಾಲ್ ಪೆಟ್ರೋಲ್ ನೀರಾಗಿದೆ. ಇವುಗಳಲ್ಲಿ ಒಂದು ಹಳೆಯ ಕಾರಿಗೆ ಸರಿ, ಒಂದು ಅರ್ಧ ಸತ್ಯ, ಒಂದಂತೂ ಕಾರಿಗೇ ಬೆಂಕಿ ಹಚ್ಚಬಲ್ಲದು.

ಮೊದಲು ಆ ಸದ್ದನ್ನೇ ಕೇಳಿಸಿಕೊಳ್ಳೋಣ. ಸೆಲ್ಫ್ ಮೋಟಾರು ಬ್ಯಾಟರಿಯಿಂದ 100 ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದ್ದರೆ ಬ್ಯಾಟರಿಯೂ ಸೆಲ್ಫ್ ಮೋಟಾರೂ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಇದು ನೆನಪಿರಲಿ. ತಿರುಗುವುದು ನಿಧಾನವಾಗಿದ್ದು, ಡ್ಯಾಶ್‌ಬೋರ್ಡ್ ದೀಪಗಳು ತೀರಾ ಮಂಕಾಗುತ್ತಿದ್ದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ತಳ್ಳುವ ಸಲಹೆಯೂ ಇಲ್ಲೇ ಬಿದ್ದುಹೋಗುತ್ತದೆ. ನಾಲ್ಕು ಜನ ತಳ್ಳಿ ಮಾಡುವುದೂ ಎಂಜಿನ್ನನ್ನು ತಿರುಗಿಸುವ ಕೆಲಸವನ್ನೇ, ಅದನ್ನು ಸೆಲ್ಫ್ ಆಗಲೇ ಮಾಡುತ್ತಿದೆಯಲ್ಲ! ಆಟೊಮ್ಯಾಟಿಕ್ ಕಾರುಗಳು ತಳ್ಳಿದರೆ ಸ್ಟಾರ್ಟ್ ಆಗುವುದೂ ಇಲ್ಲ. ಕತ್ತಲಲ್ಲಿ, ಲಾರಿಗಳು ಓಡುವ ಹೆದ್ದಾರಿಯಲ್ಲಿ ಕಾರಿನ ಹಿಂದೆ ನಿಂತು ತಳ್ಳುವುದು ಎಷ್ಟು ಅಪಾಯ ಎಂದು ಬೇರೆ ಹೇಳಬೇಕಿಲ್ಲ.

ತಿರುಗುತ್ತಿರುವ ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಲು ಇಂಧನ, ಕಿಡಿ, ಗಾಳಿ, ಜೊತೆಗೆ ಸಿಲಿಂಡರಿನೊಳಗೆ ಆ ಗಾಳಿಯ ಒತ್ತಡ ಬೇಕು. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಇದೇ ಹೆದ್ದಾರಿಯಲ್ಲಿ ಬರುವ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರಿಗೂ ಬೇಕಾಗುವುದು ಇವೇ, ಮಧುಗಿರಿಯ ಹಳೆಯ ಆಲ್ಟೊಗೂ ಇವೇ. ಸ್ಪೋರ್ಟ್ಸ್ ಕಾರಿನ ಎಂಜಿನ್ ಹಿಂದಿರಬಹುದು, ಬ್ಯಾಟರಿ ಎಲ್ಲೋ ಅಡಗಿರಬಹುದು, ಹೆಚ್ಚಿನ ಒತ್ತಡದ ಎರಡನೇ ಪಂಪ್ ಇರಬಹುದು. ಬಂಕ್‌ನ ಮಾಮೂಲಿ ಪೆಟ್ರೋಲ್ ಹಾಕಿದ್ದಕ್ಕೇ ಅದು ಸ್ಟಾರ್ಟ್ ಆಗಲಿಲ್ಲ ಎನ್ನುವುದು ಮಾತ್ರ ತಪ್ಪು. ಆಕ್ಟೇನ್ ಕಡಿಮೆಯಾದರೆ ಓಡುವಾಗ ಎಂಜಿನ್ ಕಟಕಟ ಎನ್ನಬಹುದು, ಎಳೆತ ಕುಗ್ಗಬಹುದು, ಅಷ್ಟೇ.

ಇಂಧನ ಬರುತ್ತಿದೆಯೇ ಎಂದು ನೋಡಲು ಒಂದು ಸುಲಭ ದಾರಿಯಿದೆ. ಫ್ಯಾನು, ಹಾಡು ಎಲ್ಲ ಆರಿಸಿ, ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಎಂಬ ಸಣ್ಣ ಸದ್ದು ಬರುತ್ತದೆ. ಅದು ಟ್ಯಾಂಕಿನೊಳಗಿನ ಪಂಪ್. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ಅಥವಾ ಪಂಪ್ ಕೆಟ್ಟಿರಬಹುದು. ಸದ್ದು ಬಂದೂ ಪೆಟ್ರೋಲ್ ಸಿಗದಿರುವುದೂ ಉಂಟು. ಕೊರಟಗೆರೆಯ ಸಿದ್ದರಬೆಟ್ಟದ ತಪ್ಪಲಿನಂಥ ಕಡೆ ಇಳಿಜಾರಿನಲ್ಲಿ ನಿಲ್ಲಿಸಿ, ಟ್ಯಾಂಕಿನಲ್ಲಿ ತಳದಷ್ಟೇ ಪೆಟ್ರೋಲ್ ಇದ್ದರೆ ಅದು ಒಂದು ಮೂಲೆಗೆ ಸರಿದು ಪಂಪಿಗೆ ಎಟುಕುವುದಿಲ್ಲ. ಪಂಪನ್ನು ತಣ್ಣಗಿಡುವುದೂ ಸುತ್ತಲಿನ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸಾಯಲು ಇದೂ ಕಾರಣ.

ಒದ್ದೆ ಬಟ್ಟೆಯ ವಿಷಯಕ್ಕೆ ಬರೋಣ. ಇದು ಸುಳ್ಳಲ್ಲ, ಹಳೆಯದು. ಅಂಬಾಸಿಡರ್ ಕಾಲದಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಪಾವಗಡದ ಏಪ್ರಿಲ್ ಬಿಸಿಲಲ್ಲಿ ಅದು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಪಂಪಿಗೆ ಎಳೆಯಲು ದ್ರವವೇ ಸಿಗುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಗಾಡಿ ಹೊರಡುತ್ತಿತ್ತು. ಆಗಿನ ಡ್ರೈವರ್‌ಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಈಗ ಪಂಪ್ ಟ್ಯಾಂಕಿನೊಳಗಿದೆ, ಪೈಪಿನಲ್ಲಿ ಒತ್ತಡ ಹೆಚ್ಚು, ಆ ತೊಂದರೆ ಅಪರೂಪ. ಈಗಿನ ಕಾರಿನ ಬಾನೆಟ್ ತೆಗೆದು ನೀರು ಸುರಿದರೆ ವೈರಿಂಗ್ ಕೆಡಬಹುದು. ಆದರೆ ಬಿಸಿಯಾದಾಗ ಹತ್ತದೆ, ಅರ್ಧ ಗಂಟೆ ಬಿಟ್ಟರೆ ಹತ್ತುವ ರೋಗ ಈಗಲೂ ಇದೆ. ಅದಕ್ಕೆ ಆಗಾಗ ಕಾರಣವಾಗುವುದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ತಿರುಗುತ್ತಿದೆ ಎಂದು ಅದು ಹೇಳದಿದ್ದರೆ ಕಾರಿನ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ಕೊಡುವುದಿಲ್ಲ. ಹಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಅಲುಗುತ್ತದೆ. ಅದು ಅಲುಗದಿದ್ದರೆ ಮೆಕ್ಯಾನಿಕ್‌ಗೆ ಹೇಳಿ.

ಏರ್ ಫಿಲ್ಟರ್ ಬಿಚ್ಚಿ ಪೆಟ್ರೋಲ್ ಸುರಿಯುವ ವಿಡಿಯೊಗಳನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಎಂಜಿನ್ ಹಿಂದಕ್ಕೆ ಹೊಡೆದರೆ ಜ್ವಾಲೆ ಅದೇ ದಾರಿಯಲ್ಲಿ ಹೊರಬರುತ್ತದೆ. ಎದುರಿಗೆ ಪೆಟ್ರೋಲ್ ಬಾಟಲಿ ಹಿಡಿದು ಬಗ್ಗಿ ನಿಂತವರ ಮುಖವಿರುತ್ತದೆ.

ಎಥನಾಲ್ ವಿಷಯ ಅರ್ಧ ಸತ್ಯ. 2025ರಿಂದ ದೇಶದ ಹೆಚ್ಚಿನ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ ಎಂಬುದು ನಿಜ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಆದರೆ ಎಥನಾಲ್ ತಾನಾಗಿಯೇ ರಾತ್ರಿ ಬೆಳಗಾಗುವುದರೊಳಗೆ ನೀರಾಗುವುದಿಲ್ಲ, ಎಲ್ಲಿಂದಲೋ ನೀರು ಸೇರಬೇಕು. ಎಥನಾಲ್ ಇಲ್ಲದೆಯೂ ಇದು ಆಗುತ್ತದೆ. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಮುಖ್ಯಮಂತ್ರಿಯ ಬೆಂಗಾವಲಿನ 19 ವಾಹನಗಳು ಕೆಟ್ಟು ನಿಂತದ್ದು ನೀರು ಬೆರೆತ ಡೀಸೆಲ್‌ನಿಂದ. ಹಾಗಾಗಿ ಕಾರು ಕೆಟ್ಟದ್ದು ಪೆಟ್ರೋಲ್ ಹಾಕಿಸಿದ ಕೆಲವೇ ಕಿಲೋಮೀಟರ್‌ನಲ್ಲಾದರೆ ಬಿಲ್ ಇಟ್ಟುಕೊಳ್ಳಿ, ಟ್ಯಾಂಕಿನಿಂದ ಮಾದರಿ ತೆಗೆಸಿ.

ನಮ್ಮ ಕಡೆಗೇ ಹತ್ತಿರದ ಇನ್ನೊಂದು ಕಾರಣ ಇಲಿ. ಶಿರಾ, ಮಧುಗಿರಿ, ಪಾವಗಡ ಕಡಲೆಕಾಯಿ ಬೆಳೆಯುವ ತಾಲ್ಲೂಕುಗಳು. ಕಾಯಿ ಮೂಟೆಗಳ ಪಕ್ಕದ ಶೆಡ್‌ನಲ್ಲೇ ಕಾರು ನಿಲ್ಲಿಸಿದರೆ ಇಲಿಗೆ ಊಟವೂ ಅಲ್ಲೇ, ಬೆಚ್ಚಗಿನ ಮನೆಯೂ ಅಲ್ಲೇ. ಸೋಯಾದಿಂದ ವೈರ್ ಮಾಡುವುದರಿಂದ ಇಲಿ ತಿನ್ನುತ್ತದೆ ಎಂಬ ಫಾರ್ವರ್ಡ್ ಅಮೆರಿಕದ ಕೆಲವು ಕೋರ್ಟ್ ಕೇಸುಗಳಿಂದ ಹುಟ್ಟಿದ್ದು. ಇಲಿಯ ಮುಂದಿನ ಹಲ್ಲು ಜೀವನವಿಡೀ ಬೆಳೆಯುತ್ತದೆ, ಅದನ್ನು ಸವೆಸಲು ಅದು ಯಾವ ವೈರನ್ನಾದರೂ ಕಡಿಯುತ್ತದೆ. ತಂಬಾಕು ಎಲೆ ಇಡಿ ಎನ್ನುವವರಿದ್ದಾರೆ. ಕಾದ ಸೈಲೆನ್ಸರ್ ಪೈಪಿನ ಪಕ್ಕ ಒಣ ಎಲೆ ಇಡುವುದು ನಮಗಂತೂ ಸರಿ ಕಾಣುವುದಿಲ್ಲ.

ಡ್ಯಾಶ್‌ಬೋರ್ಡ್‌ನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಕಾರಿಗೆ ನಿಮ್ಮ ಕೀಯ ಗುರುತು ಸಿಕ್ಕಿಲ್ಲ. ಎರಡನೇ ಕೀ ಇದ್ದರೆ ಅದರಲ್ಲಿ ಪ್ರಯತ್ನಿಸಿ. ಪದೇ ಪದೇ ಸೆಲ್ಫ್ ಹೊಡೆದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಕಾರಿನ ಕೆಳಗೆ ಎಲ್ಲಾದರೂ ಸೋರುತ್ತಿದೆಯೇ ನೋಡಿ. ಸೋರುತ್ತಿದ್ದರೆ ಮತ್ತೆ ಕೀ ಮುಟ್ಟಬೇಡಿ. ಸೋರಿಕೆ ಇಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಮ್ಮೆ ಸೆಲ್ಫ್ ಹೊಡೆಯಿರಿ. ಆಗ ಹಲವು ಕಾರುಗಳ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಕಳಿಸುತ್ತದೆ. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಚೆನ್ನಾಗಿರುವ ಸೆಲ್ಫ್ ಮೋಟಾರೂ ಸುಟ್ಟುಹೋಗುತ್ತದೆ. ಎಂಜಿನ್ ಎಂದಿಗಿಂತ ಹಗುರವಾಗಿ, ಸರ್ರನೆ ತಿರುಗುತ್ತಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಹರಿದಿರಬಹುದು. ಮತ್ತೆ ತಿರುಗಿಸಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಖರ್ಚು ಹಲವು ಪಟ್ಟಾಗುತ್ತದೆ.

ಹೆದ್ದಾರಿಯಲ್ಲಿದ್ದರೆ ಹಜಾರ್ಡ್ ದೀಪ ಹಾಕಿ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಪಾವಗಡದ ಒಳರಸ್ತೆಯಲ್ಲಿದ್ದರೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ರಸ್ತೆಬದಿ ನೆರವು ಇದೆಯೇ ನೋಡಿ. ಫೋನಿನಲ್ಲಿ ಮೆಕ್ಯಾನಿಕ್‌ಗೆ ಬರೀ 'ಸ್ಟಾರ್ಟ್ ಆಗ್ತಿಲ್ಲ' ಎನ್ನಬೇಡಿ. ಸೆಲ್ಫ್ ಹೊಡೆಯುತ್ತಿದೆ, ಪಂಪ್ ಸದ್ದು ಬರುತ್ತಿದೆ ಅಥವಾ ಇಲ್ಲ, ಕೀ ದೀಪ ಮಿನುಗುತ್ತಿದೆ, ಕೊನೆಗೆ ಪೆಟ್ರೋಲ್ ಹಾಕಿಸಿದ್ದು ಎಲ್ಲಿ ಎಂದು ಹೇಳಿದರೆ ಬೇಕಾದ ಫ್ಯೂಸೋ ರಿಲೇಯೋ ಜೊತೆಗೆ ತಂದೇ ಬರುತ್ತಾರೆ.