ಬಿಳಿ ಇಂಕಿನ ದೋಷ: ಬಾಟಲಿ ಬದಲಿಸುವ ಮುನ್ನ

ಕಪ್ಪು ಟೀ ಶರ್ಟಿನ ಮೇಲೆ ಬಿಳಿ ಅಕ್ಷರ ಮಂಕಾಗಿ ಮೂಡಿದೊಡನೆ ಡಿಟಿಜಿ ಮುದ್ರಣ ಘಟಕಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಇಂಕ್ ಸರಿಯಿಲ್ಲ’ ಎಂಬುದು. ಸರಬರಾಜುದಾರನಿಗೆ ದೂರು ಹೋಗುತ್ತದೆ, ಕೆಲದಿನಗಳಲ್ಲಿ ಇಂಕಿನ ಕಂಪನಿಯೇ ಬದಲಾಗುತ್ತದೆ. ದೋಷ ಮಾತ್ರ ಉಳಿಯುತ್ತದೆ. ಬಟ್ಟೆಯ ಮೇಲೆ ನೇರವಾಗಿ ಮುದ್ರಿಸುವ ಈ ವಿಧಾನವನ್ನು ನೆಚ್ಚಿಕೊಂಡ ಸಣ್ಣ ಉದ್ಯಮಿಗಳು ಬಿಳಿ ಇಂಕನ್ನು ಕೇವಲ ಕಚ್ಚಾ ಸಾಮಗ್ರಿಯೆಂದು ಭಾವಿಸದೆ, ಅದರ ಒಂದು ಭಾಗವನ್ನು ಯಂತ್ರ ನಿರ್ವಹಣೆಯ ವೆಚ್ಚವೆಂದೇ ಪರಿಗಣಿಸುವುದು ಅಗತ್ಯ.

ಬಿಳಿ ಇಂಕಿನ ವರ್ಣದ್ರವ್ಯವಾದ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು 4 ಪಟ್ಟು ಸಾಂದ್ರವಾದುದು. ಕಲಕದೆ ಬಿಟ್ಟರೆ ಅದು ತಳಕ್ಕಿಳಿಯುತ್ತದೆ. ಸೋಮವಾರದ ಮೊದಲ ಶರ್ಟುಗಳು ಕೆಡಲು ಭಾನುವಾರದ ರಜೆಯೇ ಕಾರಣವಾಗಿರುವುದುಂಟು. ಆಗ ಬದಲಿಸಬೇಕಾದದ್ದು ಇಂಕನ್ನಲ್ಲ, ರಜಾದಿನದ ವ್ಯವಸ್ಥೆಯನ್ನು.

ಮೊದಲು ಆಗಬೇಕಾದದ್ದು ನಾಜಲ್ ಪರೀಕ್ಷೆ. ಬಿಳಿ ಕಾಗದದ ಮೇಲೆ ಬಿಳಿ ಗೆರೆ ಕಾಣದು. ಪಾರದರ್ಶಕ ಹಾಳೆಯನ್ನು ಬಳಸಬೇಕು. ಗೆರೆಗಳು ತುಂಡಾಗಿದ್ದರೆ ಪ್ರಿಂಟ್ ಹೆಡ್, ಕ್ಯಾಪಿಂಗ್ ಸ್ಟೇಷನ್, ಡ್ಯಾಂಪರ್‌ಗಳನ್ನು ನೋಡಬೇಕು. ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಗಾಳಿ ತೀರ ಒಣಗಿರುವುದರಿಂದ ನಾಜಲ್ ಬಾಯಲ್ಲೇ ಇಂಕ್ ಗಟ್ಟಿಯಾಗುತ್ತದೆ. ಗೆರೆಗಳೆಲ್ಲ ಪೂರ್ಣವಾಗಿದ್ದೂ ಮುದ್ರಣ ಮಂಕಾಗಿದ್ದರೆ, ಇಂಕನ್ನು ಸರಿಯಾಗಿ ಕಲಕಲಾಗಿದೆಯೇ ಎಂದು ನೋಡಿದ ಬಳಿಕ, ಪ್ರೀಟ್ರೀಟ್‌ಮೆಂಟ್ ದ್ರಾವಣದತ್ತ ಗಮನ ಹರಿಸಬೇಕು. ಅದರಲ್ಲಿನ ಲವಣವು ಇಂಕನ್ನು ಬಟ್ಟೆಯ ಮೇಲ್ಮೈಯಲ್ಲೇ ಹಿಡಿದಿಡುತ್ತದೆ. ದ್ರಾವಣ ಕಡಿಮೆಯಾದರೆ ಇಂಕ್ ನೂಲಿನೊಳಗೆ ಇಂಗುತ್ತದೆ, ಅತಿಯಾದರೆ ಬಟ್ಟೆ ಕಲೆಗಟ್ಟುತ್ತದೆ, ಮುದ್ರಣವೂ ಒಗೆತದಲ್ಲಿ ಉದುರುತ್ತದೆ. ಸಿಂಪಡಣೆಗೆ ಮೊದಲು ಮತ್ತು ನಂತರ ಶರ್ಟನ್ನು ತೂಗಿ ನೋಡುವ ಘಟಕಗಳು ವಿರಳ. ತಕ್ಕಡಿಯ ಬೆಲೆಯಾದರೋ ಕೆಲವು ಹಾಳಾದ ಶರ್ಟುಗಳ ಬೆಲೆಗಿಂತ ಹೆಚ್ಚಲ್ಲ. ಕೆಂಪು ಪಾಲಿಯೆಸ್ಟರ್ ಮಿಶ್ರಿತ ಶರ್ಟಿನ ಮೇಲೆ ಶಾಖ ಕೊಟ್ಟ ನಂತರ ಬಿಳಿ ಗುಲಾಬಿಗೆ ತಿರುಗಿದರೆ, ತಪ್ಪು ಇಂಕ್ ಖರೀದಿಯದಲ್ಲ, ಬಟ್ಟೆ ಖರೀದಿಯದು.

ಇನ್ನು ಲೆಕ್ಕದ ಮಾತು. 1 ಲೀಟರ್ ಇಂಕಿನಲ್ಲಿ 700 ಮಿಲಿ ಶರ್ಟುಗಳಿಗೂ 300 ಮಿಲಿ ಹೆಡ್ ಶುಚಿಗೊಳಿಸಲೂ ಖರ್ಚಾಯಿತೆಂದಿಟ್ಟುಕೊಳ್ಳೋಣ. ಸಾಫ್ಟ್‌ವೇರ್ ತೋರಿಸುವುದು ಶರ್ಟಿಗೆ ಬಿದ್ದ ಇಂಕನ್ನು ಮಾತ್ರ. ನಿಜವಾದ ವೆಚ್ಚ ಅದಕ್ಕಿಂತ ಸುಮಾರು ಶೇ. 43ರಷ್ಟು ಅಧಿಕ. ಆರ್ಡರ್ ಕಡಿಮೆಯಾದ ತಿಂಗಳಲ್ಲೂ ಶುಚಿಗೊಳಿಸುವುದು ತಪ್ಪುವುದಿಲ್ಲವಾದ್ದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ. ಪೈಪೋಟಿಗೆ ಬಿದ್ದು ದರ ಇಳಿಸುವವರು ಈ 300 ಮಿಲಿಯನ್ನು ಮರೆತೇ ಇಳಿಸುತ್ತಾರೆ. ಅಂಥವರಿಗೆ ಅಗ್ಗದ ಇಂಕ್ ಆಸರೆಯಾಗಿ ಕಾಣುವುದು ಸಹಜ, ಆದರೆ ಹೆಡ್ ಕಟ್ಟಿಕೊಂಡರೆ ಆ ಉಳಿತಾಯವೆಲ್ಲ ಒಂದೇ ಬಿಲ್ಲಿನಲ್ಲಿ ಕರಗುತ್ತದೆ.

ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಹಜ ಪ್ರಮಾಣದಲ್ಲಿ ವ್ಯರ್ಥವಾದ ಸಾಮಗ್ರಿಯನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಆಯಾ ಅವಧಿಯ ಖರ್ಚಿಗೇ ಹಾಕಬೇಕು. ಜಿಎಸ್‌ಟಿಯಲ್ಲೂ ಇದು ಮುಖ್ಯ. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಕಾಯಿದೆಯ ಕಲಂ 17(5)(ಎಚ್) ಹೂಡುವಳಿ ತೆರಿಗೆ ಜಮೆಯನ್ನು ನಿರಾಕರಿಸುತ್ತದೆ. ತಯಾರಿಕೆಯಲ್ಲೇ ಅಂತರ್ಗತವಾದ ನಷ್ಟಕ್ಕೆ ಇದು ಅನ್ವಯಿಸದೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ತೀರ್ಪಿತ್ತಿದೆ. ಯಾವ ನಷ್ಟ ಅಂತರ್ಗತ, ಯಾವುದು ಅಲಕ್ಷ್ಯದ ಫಲ ಎಂದು ಅಧಿಕಾರಿ ಕೇಳಿದಾಗ ಮುಂದಿಡಲು ನಾಜಲ್ ಪರೀಕ್ಷೆಯ ಹಾಳೆಗಳು, ಕಲಕಿದ ವೇಳೆ, ಶುಚಿಗೊಳಿಸಲು ಬಳಸಿದ ಇಂಕಿನ ಪ್ರಮಾಣ, ಹಾಳಾದ ಶರ್ಟುಗಳ ಸಂಖ್ಯೆ ಇವಿಷ್ಟನ್ನು ದಿನಾಂಕಸಹಿತ ಬರೆದಿಟ್ಟ ಪುಸ್ತಕವೊಂದು ಯಂತ್ರದ ಪಕ್ಕದಲ್ಲಿರಬೇಕು.